ಗ್ಯಾಸ್ ಪೈಪ್ ಒಡೆದದ್ದು ಯಾವ ಲೆಕ್ಕದಲ್ಲಿ ಸೇರುತ್ತದೆ? ವರದಿ ನಿಯಮದ ಕರಡು ಓದಿ ಅಭಿಪ್ರಾಯ ಕಳಿಸುವ ಬಗೆ

ಶನಿವಾರ ಬೆಳಗ್ಗೆ ಒಂಬತ್ತೂವರೆ. ನಮ್ಮ ಅಪಾರ್ಟ್‌ಮೆಂಟ್ ಮೂಲೆಯಲ್ಲಿ ರಸ್ತೆ ಅಗೆಯುತ್ತಿದ್ದ ಜೆಸಿಬಿ ಗಕ್ಕನೆ ನಿಂತಿತು. ಆಮೇಲೆ ಕುಕ್ಕರ್ ಕೂಗಿದ ಹಾಗೆ ಒಂದು ಸದ್ದು ಶುರುವಾಯಿತು, ನಿಲ್ಲಲೇ ಇಲ್ಲ. ಹಿಂದೆಯೇ ಕೊಳೆತ ಕೋಸಿನಂಥ ವಾಸನೆ. ನಮ್ಮ ಸೆಕ್ಯೂರಿಟಿ ಅಣ್ಣ ಗೇಟು ಬಿಟ್ಟು ನೇರ ಓಡಿದ್ದು ಇಸ್ತ್ರಿ ಗಾಡಿ ಹತ್ತಿರ. "ಅಣ್ಣಾ, ಮೊದ್ಲು ಕೆಂಡ ಆರ್ಸು!" ಅಂತ ಕೂಗಿದರು. ಇಸ್ತ್ರಿಯವರು ಬಟ್ಟೆಗೆ ಚಿಮುಕಿಸಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಪೆಟ್ಟಿಗೆಗೆ ಸುರಿದರು. ಯಾರದೋ ಬಿಳಿ ಅಂಗಿಯ ಮೇಲೆಲ್ಲ ಬೂದಿ.

ಗ್ಯಾಸ್ ಬಂದ್ ಆದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ಯಾರಿಗೂ ಏನೂ ಆಗಲಿಲ್ಲ. ಮಧ್ಯಾಹ್ನ ಪೈಪಿಗೆ ಹೊಸ ತುಂಡು ಕೂಡಿಸಿ, ಗುಂಡಿ ಮುಚ್ಚಿ, ಎಲ್ಲರೂ ಹೋದರು.

ಎರಡು ತಿಂಗಳಾದ ಮೇಲೆ ನಾನು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆ. ಆ ದಿನ, ಆ ರಸ್ತೆಯ ಘಟನೆ ಬಗ್ಗೆ ಯಾವ ವರದಿ ಹೋಗಿದೆ ಅಂತ ಕೇಳಿದ್ದೆ. ಬಂದ ಉತ್ತರ ಒಂದೇ ಸಾಲು: ವರದಿ ಮಾಡಬೇಕಾದಂಥ ಘಟನೆ ನಡೆದಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಉತ್ತರ ಸುಳ್ಳಲ್ಲ. "ಘಟನೆ" ಅಂದರೇನು ಅಂತ ನಿಯಮದಲ್ಲಿ ಬರೆದಿರುತ್ತದೆ. ಆ ಗೆರೆಯ ಕೆಳಗೆ ಬಿದ್ದದ್ದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಈ ನಿಯಮಗಳನ್ನು ತಿದ್ದಲು ಕರಡು ಹೊರಬಿದ್ದಾಗ ನಾವು ಓದಬೇಕು, ಬರೆದು ಕಳಿಸಬೇಕು. ನಿವಾಸಿಗಳ ಸಂಘದವರು, ಊರಾಚೆ ಜಮೀನಿನಲ್ಲಿ ಪೈಪ್ ಹಾಯ್ದಿರುವ ರೈತರು, ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು. ವಕೀಲರೇ ಬೇಕು ಅಂತೇನಿಲ್ಲ. ನಾನು ಮಾಡಿದ ಕ್ರಮವನ್ನು, ಎಡವಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು: ನಿಮ್ಮ ಕಾಲ ಕೆಳಗಿರುವುದು ಯಾವ ಪೈಪ್?

ಬೆಂಗಳೂರಿನ ಸುತ್ತ ಒಂದೇ ಥರದ ಪೈಪ್ ಇಲ್ಲ. ಮಹಾರಾಷ್ಟ್ರದ ದಾಭೋಲ್‌ನಿಂದ ಬರುವ, ಸುಮಾರು 1,000 ಕಿ.ಮೀ. ಉದ್ದದ ನೈಸರ್ಗಿಕ ಅನಿಲದ ದೊಡ್ಡ ಲೈನ್ 2013ರಲ್ಲಿ ಇಲ್ಲಿಗೆ ಮುಟ್ಟಿತು. ಅದರ ಅನಿಲವೇ ನಗರದೊಳಗೆ ಸಣ್ಣ ಪೈಪ್‌ಗಳಲ್ಲಿ ಹರಿದು ಅಡುಗೆಮನೆಗೆ ಬರುತ್ತದೆ. ಮಂಗಳೂರಿನಿಂದ ಹಾಸನದ ಮೇಲೆ ಹಾದು ಹೊಸಕೋಟೆ ಬಳಿಯ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ತರುವ ಲೈನ್ ಬೇರೆ. ದೇವನಗೊಂದಿಯಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ವಿಮಾನದ ಇಂಧನ ಒಯ್ಯುವ ಪೈಪ್ ಮತ್ತೂ ಬೇರೆ.

ಯಾವುದು ಅಂತ ತಿಳಿಯಲು ರಸ್ತೆ ದಾಟುವ ಕಡೆ, ಹೊಲದ ಬದುವಿನ ಹತ್ತಿರ ನೆಟ್ಟಿರುವ ಗುರುತಿನ ಕಂಬ ನೋಡಿ. ಕಂಪನಿ ಹೆಸರು, ತುರ್ತು ಫೋನ್ ನಂಬರ್, ಅದು ಎಷ್ಟನೇ ಕಿಲೋಮೀಟರ್ ಅನ್ನುವುದು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ನಗರದೊಳಗಾದರೆ ಗ್ಯಾಸ್ ಬಿಲ್ಲಿನ ಮೇಲೆಯೇ ತುರ್ತು ನಂಬರ್ ಇರುತ್ತದೆ.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಅನಿಲಕ್ಕೂ ದ್ರವಕ್ಕೂ ಅಳತೆ ಬೇರೆ, ಅಪಾಯ ಬೇರೆ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಸಿಲಿಂಡರಿನ ಎಲ್‌ಪಿಜಿ ಭಾರ, ನೆಲ ಹಿಡಿದು ಚರಂಡಿಗೆ, ಬೇಸ್‌ಮೆಂಟಿಗೆ ಇಳಿಯುತ್ತದೆ. ಪೆಟ್ರೋಲ್ ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಇನ್ನೊಂದು ವಿಷಯ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ನಗರಕ್ಕೆ ಬಿಡುವ ಮುಂಚೆ ಮರ್ಕ್ಯಾಪ್ಟನ್ ಅನ್ನುವ ವಾಸನೆ ಬೆರೆಸುತ್ತಾರೆ. ನಾವು ಮೂಗು ಮುಚ್ಚಿಕೊಂಡದ್ದು ಅದಕ್ಕೇ. ಆ ವಾಸನೆ ಇರದಿದ್ದರೆ ನಮ್ಮ ಸೆಕ್ಯೂರಿಟಿ ಅಣ್ಣನಿಗೆ ಕೆಂಡದ ನೆನಪಾಗುತ್ತಿತ್ತೋ ಇಲ್ಲವೋ.

ಎರಡನೆಯದು: ಈಗಿನ ನಿಯಮ ಕೈಯಲ್ಲಿರಲಿ

ಬರೀ ಕರಡು ಓದಿದರೆ ಏನು ಬದಲಾಯಿತು ಅಂತ ತಿಳಿಯುವುದಿಲ್ಲ. ನಾನು ಮೊದಲ ಸಲ ಇದೇ ತಪ್ಪು ಮಾಡಿದೆ. ಚೆನ್ನಾಗಿದೆ ಅಂತ ಹೊಗಳಿ ಬರೆದ ಒಂದು ಸಾಲು ಮುಂಚಿನಿಂದಲೇ ಇತ್ತು. ಹಳೆಯದನ್ನೂ ಕರಡನ್ನೂ ಪ್ರಿಂಟ್ ಹಾಕಿಸಿ ಅಕ್ಕಪಕ್ಕ ಇಟ್ಟುಕೊಳ್ಳಿ.

ಪೈಪ್‌ಲೈನ್ ಸುರಕ್ಷತೆಗೆ ಮುಖ್ಯವಾದ ಸಂಸ್ಥೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ಚಿಕ್ಕದಾಗಿ ಪಿಎನ್‌ಜಿಆರ್‌ಬಿ. 2006ರ ಕಾಯ್ದೆಯಿಂದ ಹುಟ್ಟಿದ್ದು. ತುರ್ತು ಪರಿಸ್ಥಿತಿ ಮತ್ತು ವಿಪತ್ತು ನಿರ್ವಹಣೆ ಬಗ್ಗೆ ಅದು 2010ರಲ್ಲಿ ತಂದ ನಿಯಮಾವಳಿ ಇದೆ. ಈ ಕೆಲಸದಲ್ಲಿರುವವರು ಇಆರ್‌ಡಿಎಂಪಿ ಅನ್ನುತ್ತಾರೆ. ಘಟನೆಗಳನ್ನು ಮೂರು ಮಟ್ಟವಾಗಿ ವಿಂಗಡಿಸುವುದು, ಘಟನೆ ವರದಿಯ ನಮೂನೆ, ಎಲ್ಲ ಅದರಲ್ಲಿದೆ. ಇದಲ್ಲದೆ 1934ರ ಪೆಟ್ರೋಲಿಯಂ ಕಾಯ್ದೆಯೂ ಇದೆ. ಪೆಟ್ರೋಲಿಯಂ ಬೆಂಕಿ, ಸ್ಫೋಟದಲ್ಲಿ ಜೀವ ಹೋದರೆ, ಗಂಭೀರ ಗಾಯ ಅಥವಾ ನಷ್ಟ ಆದರೆ ಮ್ಯಾಜಿಸ್ಟ್ರೇಟ್ ಅಥವಾ ಪೊಲೀಸ್ ಠಾಣೆಗೂ, ಸ್ಫೋಟಕಗಳ ಮುಖ್ಯ ನಿಯಂತ್ರಕರಿಗೂ ತಿಳಿಸಬೇಕು ಅನ್ನುತ್ತದೆ. ಅಂದರೆ ಒಂದೇ ಅಪಘಾತದ ಕಾಗದ ಎರಡು ಮೂರು ಕಡೆ ಹೋಗುತ್ತದೆ. ಒಂದು ಕಡೆ "ಗಂಭೀರ" ಆದದ್ದು ಇನ್ನೊಂದು ಕಡೆಯೂ ಗಂಭೀರವೇ ಆಗಬೇಕು ಅಂತಿಲ್ಲ. ಕರಡಿನಲ್ಲಿ ಇವು ಒಂದಕ್ಕೊಂದು ಹೊಂದುತ್ತವೆಯೇ ಅಂತ ಗುರುತು ಹಾಕಿಕೊಳ್ಳಿ.

ಮೂರನೆಯದು: ಮಿತಿ ಎಲ್ಲಿದೆ ಹುಡುಕಿ

ಇಡೀ ಕರಡಿನಲ್ಲಿ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದು. ಎಷ್ಟು ಸೋರಿದರೆ, ಎಷ್ಟು ರೂಪಾಯಿ ನಷ್ಟ ಆದರೆ, ಎಂಥ ಗಾಯ ಆದರೆ, ಎಷ್ಟು ಹೊತ್ತು ಬೆಂಕಿ ಉರಿದರೆ ವರದಿ ಕೊಡಬೇಕು? ಸಂಖ್ಯೆ ಕಂಡಲ್ಲೆಲ್ಲ ಹೈಲೈಟರ್ ಎಳೆಯಿರಿ.

ಒಂದು ಸಂಖ್ಯೆ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಚೆನ್ನಾಗಿದೆ. ಅಲ್ಲಿ ಎಣ್ಣೆ, ಪೆಟ್ರೋಲ್ ಥರದ ಅಪಾಯಕಾರಿ ದ್ರವಗಳ ಪೈಪ್ ಸೋರಿದರೆ ವರದಿ ಕೊಡಬೇಕಾದ ಮಿತಿ ಮೊದಲು 50 ಬ್ಯಾರೆಲ್ ಇತ್ತು. ಹೆಚ್ಚುಕಡಿಮೆ 8,000 ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುತ್ತದಲ್ಲ ನೀರಿನ ಟ್ಯಾಂಕರ್, ಅಂಥ ಒಂದು ಟ್ಯಾಂಕರಿನಷ್ಟು ಪೆಟ್ರೋಲ್ ಮಣ್ಣಿಗೆ ಹೋದರೂ, ಬೆಂಕಿ, ಗಾಯ, ದೊಡ್ಡ ನಷ್ಟ ಇಲ್ಲದಿದ್ದರೆ ಕಾಗದ ಬೇಡ. 2002ರಲ್ಲಿ ಅದನ್ನು 5 ಗ್ಯಾಲನ್‌ಗೆ ಇಳಿಸಿದರು. ಸುಮಾರು 19 ಲೀಟರ್. ಅಡುಗೆಮನೆ ಮೂಲೆಯಲ್ಲಿ ಕೂರುವ 20 ಲೀಟರ್ ನೀರಿನ ಕ್ಯಾನ್ ನೋಡಿ, ಅದಕ್ಕಿಂತ ಒಂದು ಚೊಂಬು ಕಮ್ಮಿ. ಟ್ಯಾಂಕರಿನಿಂದ ಕ್ಯಾನಿಗೆ!

ಆದರೆ ಅಲ್ಲೂ ಒಂದು "ಹೊರತು" ಇದೆ. ರಿಪೇರಿ ಕೆಲಸದ ವೇಳೆ ಸೋರಿದ್ದು 5 ಬ್ಯಾರೆಲ್‌ಗಿಂತ ಕಮ್ಮಿ, ಕಂಪನಿಯ ಜಾಗದೊಳಗೇ ಉಳಿದಿದೆ, ನೀರಿಗೆ ಸೇರಿಲ್ಲ, ಬೇಗ ಬಳಿದು ಶುಚಿ ಮಾಡಿದ್ದಾರೆ ಅಂದರೆ ವರದಿ ಬೇಡ. ಕರಡು ಓದುವಾಗ ಸಂಖ್ಯೆಯಷ್ಟೇ ಮುಖ್ಯ ಈ "ಹೊರತುಪಡಿಸಿ" ಅನ್ನುವ ಪದ. ಅದು ಸಾಮಾನ್ಯವಾಗಿ ಪ್ಯಾರಾದ ಬಾಲದಲ್ಲಿರುತ್ತದೆ.

ಅನಿಲದ ಅಳತೆ ಇನ್ನೂ ಮಜವಾಗಿದೆ. ಅಲ್ಲಿನ ಮಿತಿ 30 ಲಕ್ಷ ಘನ ಅಡಿ, ಅಂದರೆ ಸುಮಾರು 85,000 ಘನ ಮೀಟರ್. ಗ್ಯಾಸ್ ಬಿಲ್ಲಿನ ಒಂದು ಯೂನಿಟ್ ಅಂದರೆ ಒಂದು ಘನ ಮೀಟರ್. ತಿಂಗಳಿಗೆ 15 ಯೂನಿಟ್ ಉರಿಸುವ ಮನೆಗೆ ಅಷ್ಟು ಅನಿಲ 470 ವರ್ಷ ಬರುತ್ತದೆ! ನಮ್ಮ ಮೂಲೆಯಲ್ಲಿ ಐವತ್ತು ನಿಮಿಷ ಕೂಗಿದ ಪೈಪು ಇದರ ಹತ್ತಿರಕ್ಕೂ ಹೋಗಿರಲಿಕ್ಕಿಲ್ಲ. ದೊಡ್ಡ ಲೈನಿಗೆ ಅಂತ ಮಾಡಿದ ಮಿತಿಯನ್ನು ಬೀದಿಯ ಪೈಪಿಗೂ ಹಾಕಿದರೆ ಬೀದಿಯಲ್ಲಿ ನಡೆಯುವುದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಸೋರಿತು ಅನ್ನುವುದಕ್ಕಿಂತ ಎಲ್ಲಿ ಸೋರಿತು ಅನ್ನುವುದು ನಮಗೆ ಮುಖ್ಯ. ನೈಸರ್ಗಿಕ ಅನಿಲದಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಗಾಳಿಯಲ್ಲಿ ಅದು 5ರಿಂದ 15 ಪರ್ಸೆಂಟ್ ಬೆರೆತರೆ ಸಾಕು, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಮೀಟರ್ ರೂಮಿಗೆ ಅಷ್ಟು ಅನಿಲ ನುಗ್ಗಲು ಜಾಸ್ತಿ ಹೊತ್ತು ಬೇಡ.

ರೂಪಾಯಿ ಮಿತಿ ಇದ್ದರೆ ಎರಡು ಪ್ರಶ್ನೆ ಕೇಳಿ. ನಷ್ಟದಲ್ಲಿ ಯಾರ ನಷ್ಟ ಸೇರುತ್ತದೆ? ಕಂಪನಿಯದು ಮಾತ್ರವೋ, ಆ ದಿನ ಅಂಗಡಿ ಮುಚ್ಚಿದವರದ್ದೂ ಸೇರಿಯೋ? ಬೆಲೆ ಏರಿದಂತೆ ಮಿತಿಯೂ ಏರುತ್ತದೆಯೇ? ಅಮೆರಿಕದಲ್ಲಿ ಅನಿಲ ಪೈಪ್‌ನ ನಷ್ಟದ ಮಿತಿ 50,000 ಡಾಲರ್‌ನಲ್ಲೇ ಮೂರು ದಶಕಕ್ಕೂ ಹೆಚ್ಚು ಕಾಲ ನಿಂತಿತ್ತು. 2021ರಲ್ಲಿ 1,22,000ಕ್ಕೆ ಏರಿಸಿ, ಬೆಲೆ ಏರಿಕೆಗೆ ತಕ್ಕಂತೆ ಬದಲಾಗುವ ಹಾಗೆ ಮಾಡಿದರು. ಕಂಪನಿಗಳಿಗೆ ಹೊರೆ ಕಮ್ಮಿಯಾಯಿತು, ನಿಜ. ಮಿತಿ ಏರಿದ ವರ್ಷ ಅಪಘಾತದ ಸಂಖ್ಯೆಯೂ ಇಳಿಯುತ್ತದೆ, ಒಂದು ಪೈಪೂ ರಿಪೇರಿಯಾಗದೆ. ಗ್ರಾಫ್ ತೋರಿಸಿ ಸುರಕ್ಷತೆ ಸುಧಾರಿಸಿದೆ ಅಂತ ಯಾರಾದರೂ ಹೇಳಿದರೆ ನಂಬುವ ಮುಂಚೆ ಮಿತಿ ಯಾವಾಗ ಬದಲಾಯಿತು ಅಂತ ಕೇಳಬೇಕು, ಅಲ್ವಾ?

ಸಣ್ಣ ಸೋರಿಕೆಯ ಲೆಕ್ಕ ಬೇಕೇ ಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಆಂಧ್ರದ ನಗರಂ. 2014ರ ಜೂನ್ 27ರ ನಸುಕಿನಲ್ಲಿ ಪೂರ್ವ ಗೋದಾವರಿ ಜಿಲ್ಲೆಯ ಆ ಹಳ್ಳಿಯಲ್ಲಿ ಅನಿಲದ ಪೈಪ್ ಒಡೆದು ಹೊತ್ತಿಕೊಂಡಿತು. 20ಕ್ಕೂ ಹೆಚ್ಚು ಜನ ಸತ್ತರು. ಮುಂಚೆಯೂ ಸೋರುತ್ತಿತ್ತು, ಹೇಳಿದ್ದೆವು ಅಂತ ಹಳ್ಳಿಯವರು ಆಮೇಲೆ ಹೇಳಿದರು. ಟೀ ಅಂಗಡಿಯ ಒಲೆ ಹಚ್ಚಿದಾಗ ಬೆಂಕಿ ಹತ್ತಿತು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿದಾಗಿನಿಂದ ನಮ್ಮ ಇಸ್ತ್ರಿ ಗಾಡಿ ನೋಡಿದರೆ ಒಂದು ಥರ ಆಗುತ್ತದೆ.

ನಾಲ್ಕನೆಯದು: ಗಡಿಯಾರ ಯಾವಾಗ ಶುರು?

"ಘಟನೆ ನಡೆದ ಇಷ್ಟು ಗಂಟೆಯೊಳಗೆ" ಅಂತ ಬರೆದಿದ್ದರೆ ಅರ್ಥ ಒಂದು. "ತಿಳಿದ ಇಷ್ಟು ಗಂಟೆಯೊಳಗೆ" ಅಂದರೆ ಇನ್ನೊಂದು. "ಖಚಿತವಾದ ಮೇಲೆ" ಅಂದರೆ ಮತ್ತೊಂದು. ಖಚಿತ ಮಾಡಿಕೊಳ್ಳುವವರು ಯಾರು, ಎಷ್ಟು ಹೊತ್ತು?

2010ರ ಜುಲೈ 25ರ ಸಂಜೆ ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್ ಹತ್ತಿರ ಎನ್‌ಬ್ರಿಡ್ಜ್ ಕಂಪನಿಯ ಕಚ್ಚಾ ತೈಲದ ಪೈಪ್ ಒಡೆಯಿತು. ಕಂಟ್ರೋಲ್ ರೂಮಿನಲ್ಲಿ ಅಲಾರಂ ಹೊಡೆದವು. ಪೈಪಿನೊಳಗೆ ಖಾಲಿ ಜಾಗ ಆಗಿ ಒತ್ತಡ ಇಳಿದಿದೆ, ಅಷ್ಟೆ ಅಂದುಕೊಂಡು ಎರಡು ಸಲ ಮತ್ತೆ ಪಂಪ್ ಚಾಲೂ ಮಾಡಿದರು. ಒಡೆದಿದೆ ಅಂತ ಒಪ್ಪಿಕೊಳ್ಳುವಷ್ಟರಲ್ಲಿ 17 ಗಂಟೆ. ಅದೂ ಬೇರೊಂದು ಗ್ಯಾಸ್ ಕಂಪನಿಯ ನೌಕರ ಫೋನ್ ಮಾಡಿ, ಇಲ್ಲಿ ನೆಲದ ಮೇಲೆ ಎಣ್ಣೆ ಇದೆ ಅಂತ ಹೇಳಿದ ಮೇಲೆ. ಅಷ್ಟರಲ್ಲಿ 30 ಲಕ್ಷ ಲೀಟರಿಗೂ ಹೆಚ್ಚು ತೈಲ ಸೋರಿ ತೊರೆ ಸೇರಿ, ಕಲಮಜೂ ನದಿಗೆ ಹೋಗಿತ್ತು.

ಇಂಥವುಗಳ ನಂತರ ಅಲ್ಲಿನ ಸಂಸತ್ತು ಕಾಯ್ದೆ ತಿದ್ದಿತು. 2017ರಲ್ಲಿ ನಿಯಮವೂ ಬಂತು: ಖಚಿತವಾಗಿ ತಿಳಿದ ಒಂದು ಗಂಟೆಯೊಳಗೆ ಫೋನ್ ಅಥವಾ ಆನ್‌ಲೈನ್ ಮೂಲಕ ತಿಳಿಸಬೇಕು, 48 ಗಂಟೆಯೊಳಗೆ ಮೊದಲ ಮಾಹಿತಿಯನ್ನು ಸರಿ ಮಾಡಿ ಕೊಡಬೇಕು, 30 ದಿನದೊಳಗೆ ಲಿಖಿತ ವರದಿ. ಅದಕ್ಕಿಂತ ಒಳ್ಳೆಯ ಕೆಲಸ ಅಂದರೆ "ಖಚಿತ" ಪದಕ್ಕೆ ಅರ್ಥ ಕೊಟ್ಟದ್ದು. ಆ ಹೊತ್ತಿಗೆ ಕೈಯಲ್ಲಿರುವ ಮಾಹಿತಿ ನೋಡಿದರೆ ಘಟನೆ ನಡೆದಿದೆ ಅಂತ ನ್ಯಾಯವಾಗಿ ಹೇಳಬಹುದಾದರೆ ಸಾಕು, ಅದು ಮೇಲ್ನೋಟದ ಅಂದಾಜೇ ಆದರೂ ಪರವಾಗಿಲ್ಲ.

ನಿಮ್ಮ ಕರಡಿನಲ್ಲಿ ಇಂಥ ಅರ್ಥ ಇಲ್ಲದಿದ್ದರೆ ಸೇರಿಸಿ ಅಂತ ಕೇಳಿ. ನನ್ನ ಮಟ್ಟಿಗೆ ಇನ್ನೊಂದು ಸಾಲೂ ಬೇಕು: ಹೊರಗಿನವರು ತುರ್ತು ನಂಬರಿಗೆ ಮಾಡಿದ ಮೊದಲ ಕರೆಯ ಸಮಯವನ್ನು ವರದಿಯಲ್ಲಿ ನಮೂದಿಸಬೇಕು. ನಾವು ಕರೆ ಮಾಡಿದ್ದು 9:34ಕ್ಕೆ. ಅದು ನನ್ನ ಫೋನಿನಲ್ಲಿದೆ, ಇನ್ನೆಲ್ಲೂ ಇಲ್ಲ.

ಐದನೆಯದು: ಕಾರಣದ ಕಾಲಂ

ಇದನ್ನು ಬೇಗ ಮುಗಿಸಬಹುದು. ವರದಿ ನಮೂನೆ ತೆಗೆದು "ಕಾರಣ" ಅನ್ನುವಲ್ಲಿ ಯಾವ ಆಯ್ಕೆಗಳಿವೆ ನೋಡಿ. ತುಕ್ಕು, ಅಗೆತ, ಬೆಸುಗೆ ಅಥವಾ ಪೈಪ್ ದೋಷ, ಉಪಕರಣ ಕೆಟ್ಟಿದ್ದು, ನಡೆಸುವವರ ತಪ್ಪು, ಮಳೆ ಅಥವಾ ಭೂಕುಸಿತ, ಇವು ಬೇರೆ ಬೇರೆ ಇರಲೇಬೇಕು. ಎಲ್ಲವನ್ನೂ "ಇತರೆ"ಗೆ ತುಂಬುವ ನಮೂನೆಯಿಂದ ಏನೂ ಪ್ರಯೋಜನವಿಲ್ಲ. ಅಗೆತ ಅಂತಾದರೆ ಮುಂದಿನ ಪ್ರಶ್ನೆಗಳೂ ಬೇಕು: ಅಗೆಯುವ ಮುಂಚೆ ತಿಳಿಸಿದ್ದರೇ? ಪೈಪ್ ಇರುವ ಜಾಗ ಗುರುತು ಹಾಕಿದ್ದರೇ? ಗುರುತು ಸರಿಯಿತ್ತೇ? ಅಗೆಯುವವರು ಮೊದಲೇ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ "ಕಾಲ್ ಬಿಫೋರ್ ಯು ಡಿಗ್" ಅನ್ನುವ ಆ್ಯಪ್ ತಂದಿದೆ. ಅದರಲ್ಲಿ ತಿಳಿಸಿದ್ದರೋ ಇಲ್ಲವೋ ಅನ್ನುವ ಒಂದು ಕಾಲಂ ಸೇರಿಸಲು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ದಿನಾ ಯಾರಾದರೊಬ್ಬರು ರಸ್ತೆ ಅಗೆಯುವ ಊರು ನಮ್ಮದು.

ಆರನೆಯದು: ನಿಮ್ಮ ಬೀದಿಯ ಸಾಕ್ಷಿ

ಬರೀ ಅಭಿಪ್ರಾಯಕ್ಕಿಂತ ತಾರೀಖು, ಸಮಯ ಇರುವ ಎರಡು ಸಾಲಿಗೆ ತೂಕ ಜಾಸ್ತಿ. ಮುಂದೆ ಎಂದಾದರೂ ಸೋರಿದರೆ, ಮೊದಲು ದೂರ ಹೋಗಿ, ಗಾಳಿ ಬರುವ ದಿಕ್ಕಿಗೆ. ವಾಸನೆ ಇರುವ ಜಾಗದಲ್ಲಿ ಸ್ವಿಚ್, ಫೋನ್, ಗಾಡಿ ಸ್ಟಾರ್ಟ್ ಯಾವುದೂ ಬೇಡ. ಲಿಫ್ಟ್ ಬೇಡ. ದೂರ ಹೋದ ಮೇಲೆ ಬಿಲ್ಲಿನಲ್ಲಿರುವ ತುರ್ತು ನಂಬರಿಗೆ, ಜೊತೆಗೆ 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಕರೆ ಮಾಡಿ. ಸಿಲಿಂಡರ್ ಗ್ಯಾಸ್ ಆದರೆ 1906. ಇಷ್ಟಾದ ಮೇಲೆ ನಾಲ್ಕು ಸಮಯ ಬರೆದಿಡಿ: ವಾಸನೆ ಬಂದದ್ದು, ಕರೆ ಮಾಡಿದ್ದು, ಸಿಬ್ಬಂದಿ ಬಂದದ್ದು, ಸೋರಿಕೆ ನಿಂತದ್ದು. ವಾಟ್ಸಾಪ್ ಗುಂಪಿಗೆ ಹಾಕಿದರೂ ಸಾಕು, ಸಮಯ ತಾನೇ ದಾಖಲಾಗುತ್ತದೆ.

ಹಳೆಯ ಘಟನೆಯ ಕಾಗದ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಂದ್ರದ ಸಂಸ್ಥೆಗಳಿಗೆ ಆನ್‌ಲೈನ್‌ನಲ್ಲೇ ಹಾಕಬಹುದು. ನಾನು "ವರದಿ ಆಗಿದೆಯೇ" ಅಂತ ಕೇಳಿ ಒಂದು ಸಾಲಿನ ಉತ್ತರ ತೆಗೆದುಕೊಂಡೆ. ಹಾಗೆ ಕೇಳಬೇಡಿ. ಇಂಥ ದಿನ, ಇಂಥ ರಸ್ತೆಯ ಕೆಲಸದ ಬಗ್ಗೆ ಇರುವ ದೂರು ಪುಸ್ತಕದ ನಕಲು, ರಿಪೇರಿ ದಾಖಲೆಯ ನಕಲು ಕೊಡಿ ಅಂತ ಕಾಗದದ ಹೆಸರು ಹಿಡಿದು ಕೇಳಿ.

ಏಳನೆಯದು: ಬರೆಯುವುದು

ಭಾಷಣ ಬೇಡ. ನಾಲ್ಕು ಕಾಲಂ ಎಳೆಯಿರಿ: ಕರಡಿನ ಕಲಂ ನಂಬರ್, ಅಲ್ಲಿರುವ ಪದಗಳು, ನೀವು ಬಯಸುವ ಪದಗಳು, ಕಾರಣ. ಓದುವ ಅಧಿಕಾರಿಗೂ ಅದೇ ಸಲೀಸು. ನಾನು ಬರೆದಿಟ್ಟುಕೊಂಡಿರುವ ಒಂದು ಸಾಲು ಹೀಗಿದೆ, ಬೇಕಿದ್ದರೆ ತೆಗೆದುಕೊಳ್ಳಿ:

"ಬಯಸುವ ಪದಗಳು: ಜನವಸತಿ ಪ್ರದೇಶದಲ್ಲಿ ಸೋರಿಕೆಯ ಕಾರಣ ಜನರನ್ನು ತೆರವು ಮಾಡಿದರೆ ಅಥವಾ ರಸ್ತೆ ಮುಚ್ಚಿದರೆ, ಸೋರಿದ ಪ್ರಮಾಣ ಎಷ್ಟೇ ಇರಲಿ, ಅದು ವರದಿ ಮಾಡಬೇಕಾದ ಘಟನೆ. ಕಾರಣ: ನಮ್ಮ ರಸ್ತೆಯಲ್ಲಿ ಬೆಳಗ್ಗೆ 9:30ರಿಂದ 10:20ರವರೆಗೆ ಅನಿಲ ಸೋರಿತು. 64 ಮನೆಗಳವರು ಹೊರಗೆ ನಿಂತಿದ್ದೆವು. ಸುಮಾರು 40 ಅಡಿ ದೂರದಲ್ಲಿ ಇದ್ದಿಲಿನ ಇಸ್ತ್ರಿ ಗಾಡಿ ಇತ್ತು. ಗಾಯ ಆಗಿಲ್ಲ, ನಷ್ಟ ಕಮ್ಮಿ ಅನ್ನುವ ಕಾರಣಕ್ಕೆ ಇದರ ದಾಖಲೆ ಇಲ್ಲ."

ಎಲ್ಲವನ್ನೂ ವಿರೋಧಿಸಬೇಡಿ. ಪ್ರತಿ ಮನೆಯ ಸ್ಟೌ ಟ್ಯೂಬ್ ಸೋರಿದ್ದಕ್ಕೂ ದೆಹಲಿಗೆ ವರದಿ ಕಳಿಸಿ ಅಂದರೆ ರಾಶಿ ಬೀಳುತ್ತದೆ, ಯಾರೂ ಓದುವುದಿಲ್ಲ. ದೊಡ್ಡದಕ್ಕೆ ತಕ್ಷಣದ ವರದಿ, ಸಣ್ಣದಕ್ಕೆ ಮೂರು ತಿಂಗಳಿಗೊಂದು ಪಟ್ಟಿ ಅಂತ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಆ ಪಟ್ಟಿ ಜನರಿಗೆ ಕಾಣುವಂತಿರಲಿ ಅಂತಲೂ ಸೇರಿಸಿ. ಅಮೆರಿಕದಲ್ಲಿ ಈ ವರದಿಗಳ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು.

ಕನ್ನಡದಲ್ಲಿ ಬರೆಯಿರಿ, ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಇಡಿ. ಕಲಂ ನಂಬರ್ ಎರಡರಲ್ಲೂ ಒಂದೇ ಇರಲಿ. ಸಂಘದ ಲೆಟರ್‌ಹೆಡ್ ಇದ್ದರೆ ಒಳ್ಳೆಯದು. ಇಪ್ಪತ್ತು ಜನ ಒಂದೇ ಪತ್ರ ನಕಲು ಮಾಡಿ ಕಳಿಸುವುದಕ್ಕಿಂತ ಇಬ್ಬರು ತಮ್ಮ ತಮ್ಮ ಬೀದಿಯ ಕಥೆ ಬರೆಯುವುದು ಮೇಲು.

ಕಳಿಸಿದ ಮೇಲೆ

ಕೊನೆಯ ದಿನಾಂಕ ಕರಡಿನ ಸೂಚನೆಯಲ್ಲೇ ಇರುತ್ತದೆ. ಎರಡು ದಿನ ಮುಂಚೆ ಕಳಿಸಿ, ಮೇಲ್ ತಲುಪಿದೆ ಅಂತ ಒಂದು ಉತ್ತರ ಕೇಳಿ, ಅದನ್ನು ಪ್ರಿಂಟ್ ಹಾಕಿಸಿ ಸಂಘದ ಫೈಲಿಗೆ ಸೇರಿಸಿ. ಕಾರ್ಯದರ್ಶಿ ಬದಲಾಗುತ್ತಾರೆ, ಫೈಲ್ ಉಳಿಯುತ್ತದೆ. ಅಂತಿಮ ನಿಯಮ ರಾಜ್ಯಪತ್ರದಲ್ಲಿ ಬಂದಾಗ ಹಳೆಯದು, ಕರಡು, ಹೊಸದು, ಮೂರನ್ನೂ ಪಕ್ಕದಲ್ಲಿಟ್ಟು ನಿಮ್ಮ ಪದಗಳು ಎಲ್ಲಾದರೂ ಸೇರಿವೆಯೇ ಹುಡುಕಿ.

ಅಲ್ಲಿಯವರೆಗೆ ನಾವು ಒಂದು ಸಣ್ಣ ಕೆಲಸ ಮಾಡಿದೆವು. ತುರ್ತು ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಒಂದು ಹಾಳೆಯನ್ನು ಸೆಕ್ಯೂರಿಟಿ ರೂಮಿಗೆ, ಇನ್ನೊಂದನ್ನು ಇಸ್ತ್ರಿ ಗಾಡಿಗೆ ಅಂಟಿಸಿದೆವು. ಇಸ್ತ್ರಿಯವರು ಅದರ ಪಕ್ಕದಲ್ಲೇ ತಮ್ಮ ನಂಬರನ್ನೂ ಬರೆದುಕೊಂಡಿದ್ದಾರೆ. "ಗ್ಯಾಸ್ ವಾಸ್ನೆ ಬಂದ್ರೆ ನಂಗೂ ಒಂದು ಫೋನ್ ಹೊಡೀರಿ ಸಾರ್" ಅಂದರು.